ಮೈನಸ್ 15ರಲ್ಲಿ ಓಡುವ ತಮ್ಮನಿಗೊಂದು ವಾಚ್

ಅಗ್ನಿವೀರರಾಗಿ ಹೋದ ಹುಡುಗರ ಮನೆಗಳಲ್ಲಿ ಈಗ ಒಂದೇ ಲೆಕ್ಕ: ನೂರರಲ್ಲಿ 25. ನಾಲ್ಕು ವರ್ಷ ಮುಗಿದ ಮೇಲೆ ಸೈನ್ಯ ಹೆಚ್ಚೆಂದರೆ ಶೇಕಡಾ 25 ಮಂದಿಯನ್ನು ಕಾಯಂ ಮಾಡಿಕೊಳ್ಳುತ್ತದೆ. ಉಳಿದವರು ಸೇವಾ ನಿಧಿಯ ಗಂಟು ಹಿಡಿದು ಊರಿಗೆ ವಾಪಸ್. ಆ 25ರಲ್ಲಿ ಯಾರಿರಬೇಕು ಅಂತ ತೂಗುವಾಗ ನೋಡುವ ವಿಷಯಗಳಲ್ಲಿ ದೈಹಿಕ ಪರೀಕ್ಷೆಯೂ ಒಂದು. ಅದರಲ್ಲಿ ಓಟ ಇದ್ದೇ ಇದೆ.

ನನ್ನ ತಮ್ಮ 2023ರ ಆರಂಭದಲ್ಲಿ ತರಬೇತಿಗೆ ಹೋದ ಮೊದಲ ತಂಡದವನು. ಬೈಲಹೊಂಗಲ ಕಡೆಯ ನಮ್ಮ ಊರಿನ ಕಾಲುವೆ ದಂಡೆಯ ಮೇಲೆ ಓಡಿ ಓಡಿಯೇ ಅವನು ಭರ್ತಿಯಾಗಿದ್ದು. ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ ಇತ್ತು, ಅವನು ಮುಗಿಸಿದ. ಆಗ ಅವನ ಕೈಯಲ್ಲಿ ವಾಚ್ ಇರಲಿಲ್ಲ. ಗೆಳೆಯನೊಬ್ಬ ಮೊಬೈಲ್ ಹಿಡಿದು ದಂಡೆ ಮೇಲೆ ನಿಂತು ಕೂಗುತ್ತಿದ್ದ, ಅಷ್ಟೇ.

ಈಗ ಅವನು ಲಡಾಖ್‌ನಲ್ಲಿದ್ದಾನೆ. ಲಡಾಖ್‌ನಲ್ಲಿ ಎಲ್ಲಿ ಅಂತ ಅವನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಲೇಹ್ ಪಟ್ಟಣವೇ ಸುಮಾರು 11,500 ಅಡಿ ಎತ್ತರದಲ್ಲಿದೆ. ನಮ್ಮ ಬೆಳಗಾವಿ ಇರುವುದು ಸುಮಾರು 2,500 ಅಡಿಯಲ್ಲಿ. ಅಷ್ಟು ಮೇಲೆ ಹೋದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೇ ಉಳಿಯುತ್ತದೆ. ಜನವರಿಯ ರಾತ್ರಿ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಹೋಗುವುದು ಅಲ್ಲಿ ಸುದ್ದಿಯಲ್ಲ. ನಮ್ಮಲ್ಲಿ 12 ಡಿಗ್ರಿ ಆದರೆ ಮರುದಿನ ಪೇಪರಿನಲ್ಲಿ ಬೆಂಕಿ ಕಾಯಿಸುವವರ ಫೋಟೊ ಬರುತ್ತದೆ!

ಕಳೆದ ಚಳಿಗಾಲದಲ್ಲಿ ಅವನ ಬಳಿ ಇದ್ದದ್ದು ಎರಡು ಸಾವಿರ ರೂಪಾಯಿಯ ಸ್ಮಾರ್ಟ್‌ವಾಚ್. ಯಾವ ಕಂಪನಿ ಅಂತ ಬೇಡ. ಹೊರಗೆ ಹೊರಟಾಗ ಬ್ಯಾಟರಿ 60 ತೋರಿಸುತ್ತಿತ್ತು, ಇಪ್ಪತ್ತು ನಿಮಿಷ ಓಡಿದ ಮೇಲೆ ಕಪ್ಪಾಗಿ ಕೂತಿತು. ಒಳಗೆ ಬಂದು ಬುಖಾರಿ ಪಕ್ಕ, ಅಂದರೆ ಬ್ಯಾರಕ್ ಕಾಯಿಸುವ ಒಲೆಯ ಪಕ್ಕ, ಸ್ವಲ್ಪ ಹೊತ್ತು ಕೂತರೆ ಮತ್ತೆ ಜೀವ ಬಂದು 50 ತೋರಿಸುತ್ತಿತ್ತು.

“ಅಕ್ಕಾ, ಇದಕ್ಕೇನರ ದೆವ್ವ ಬಡದೈತೇನ?” ಅಂತ ಕೇಳಿದ್ದ. “ಚಳಿಯೊಳಗ ಸಾಯತೈತಿ, ಬೆಂಕಿ ಕಂಡ್ರ ಏಳತೈತಿ. ಒಂದ ಛಲೋ ವಾಚ್ ನೋಡಿ ಕಳಸು.”

ದೆವ್ವ ಏನೂ ಇಲ್ಲ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಏನಾಗುತ್ತದೆ ನೋಡಿದ್ದೀರಲ್ಲ? ಎಣ್ಣೆ ಅಷ್ಟೇ ಇರುತ್ತದೆ, ಆದರೆ ಬಾಟಲಿ ಬೋರಲು ಹಾಕಿದರೂ ಕೈಗೆ ಬೀಳುವುದಿಲ್ಲ. ಮೊಬೈಲ್, ಸ್ಮಾರ್ಟ್‌ವಾಚ್‌ಗಳಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿಯೊಳಗೂ ಒಂದು ದ್ರವ ಇದೆ. ಅದರ ಮೂಲಕವೇ ಲಿಥಿಯಂ ಅತ್ತಿಂದಿತ್ತ ಓಡಾಡಬೇಕು. ಥಂಡಿಗೆ ಆ ದ್ರವ ಮಂದವಾಗುತ್ತದೆ, ಓಡಾಟ ನಿಧಾನವಾಗುತ್ತದೆ. ಪರದೆ ಹೊತ್ತಿಸಲು, ಜಿಪಿಎಸ್ ನಡೆಸಲು ವಾಚ್ ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಬಿಡುತ್ತದೆ. ಬ್ಯಾಟರಿ ಖಾಲಿಯಾಯಿತು ಅಂತ ತಿಳಿದು ವಾಚ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಬೆಚ್ಚಗಾದ ಮೇಲೆ ಎಣ್ಣೆ ಕರಗಿದ ಹಾಗೆ ಎಲ್ಲ ಮತ್ತೆ ಹರಿಯುತ್ತದೆ.

ಇಷ್ಟಾದರೆ ಪರವಾಗಿಲ್ಲ. ಹೊರಗಿಂದ ತಂದ ತಣ್ಣನೆಯ ವಾಚನ್ನು ಹಾಗೇ ಚಾರ್ಜಿಗೆ ಹಾಕುವುದು ಇನ್ನೂ ಕೆಟ್ಟದ್ದು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಸೇರಿಕೊಳ್ಳಲಾಗದೆ ಹೊರಗೇ ಲೋಹದ ಪದರವಾಗಿ ಕೂರುತ್ತದೆ. ಆ ನಷ್ಟ ಬಿಸಿ ಮಾಡಿದರೂ ವಾಪಸ್ ಬರುವುದಿಲ್ಲ. ಮೊದಲು ವಾಚ್ ಕೋಣೆಯಷ್ಟು ಬೆಚ್ಚಗಾಗಬೇಕು, ಅದರ ಮೇಲೆ ಕೂತ ನೀರಿನ ಹನಿ ಒಣಗಬೇಕು, ಆಮೇಲೆ ಚಾರ್ಜ್. ಮಗನೋ ಅಣ್ಣನೋ ಹಿಮದ ನಾಡಿನಲ್ಲಿದ್ದರೆ ಇದನ್ನು ಇವತ್ತೇ ಹೇಳಿ. ಮೊಬೈಲಿಗೂ ಇದೇ ಮಾತು.

ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಸುದ್ದಿ ಬರೆಯುವವಳಿಗೆ ವಾಚ್ ಗೊತ್ತಿರುತ್ತದೆ ಅಂತ ಮನೆಯವರ ನಂಬಿಕೆ. ಬೆಳಗಾವಿಯಲ್ಲಿ ನಾಲ್ಕು ಅಂಗಡಿ ತಿರುಗಿದೆ. ಎಲ್ಲರೂ ಮೊದಲು ತೋರಿಸಿದ್ದು ಪರದೆಯನ್ನು. ಎಷ್ಟು ಹೊಳೆಯುತ್ತದೆ, ಎಷ್ಟು ನಮೂನೆಯ ಮುಖಪುಟ ಹಾಕಬಹುದು, ಎಷ್ಟು ಆಟದ ಹೆಸರು ಅದರಲ್ಲಿದೆ. ಥಂಡಿಯಲ್ಲಿ ಎಷ್ಟು ಡಿಗ್ರಿವರೆಗೆ ನಡೆಯುತ್ತದೆ ಅಂತ ಕೇಳಿದರೆ ಒಬ್ಬರು ನಕ್ಕು, “ಮೇಡಂ, ವಾಟರ್‌ಪ್ರೂಫ್ ಐತ್ರಿ” ಅಂದರು. ನೀರಿಗೂ ಥಂಡಿಗೂ ಸಂಬಂಧವಿಲ್ಲ. ನೀರು ಹೊಕ್ಕದ ವಾಚ್ ಮೈನಸ್ 10ರಲ್ಲಿ ಸುಮ್ಮನೆ ಮಲಗಬಹುದು.

ನೋಡಬೇಕಾದ ಸಾಲು ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದೇ ಇಲ್ಲ. ಅದು ಒಳಗಿನ ಕೈಪಿಡಿಯಲ್ಲಿ, ಕೊನೆಯ ಪುಟಗಳಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ: ಆಪರೇಟಿಂಗ್ ಟೆಂಪರೇಚರ್. ಗಾರ್ಮಿನ್ ಕಂಪನಿಯ ಫೋರ್‌ರನ್ನರ್ ಓಟದ ವಾಚುಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಮೈನಸ್ 20ರಿಂದ 60 ಡಿಗ್ರಿವರೆಗೆ ಅಂತ ಇದೆ. ಅದರ ಕೆಳಗೇ ಚಾರ್ಜ್ ಮಾಡಲು 0ಯಿಂದ 45 ಡಿಗ್ರಿ ಅಂತ ಬೇರೆ ಸಾಲು. ಆ್ಯಪಲ್ ಕಂಪನಿ ತನ್ನ ಸಾಮಾನ್ಯ ವಾಚುಗಳಿಗೆ ಹೇಳುವುದು 0ಯಿಂದ 35 ಡಿಗ್ರಿ ಮಾತ್ರ. ಅಲ್ಟ್ರಾ ಅನ್ನುವ ದೊಡ್ಡ ವಾಚಿಗಷ್ಟೇ, ಕೈಗೆ ಕಟ್ಟಿಕೊಂಡಿದ್ದರೆ, ಮೈನಸ್ 20 ಅನ್ನುತ್ತದೆ. ಬೆಲೆ ಹೆಚ್ಚಿದ ಮಾತ್ರಕ್ಕೆ ಚಳಿ ತಡೆಯುತ್ತದೆ ಅಂತಲ್ಲ. ಕ್ಯಾಸಿಯೊದ ಜಿ-ಶಾಕ್ ಅಂದರೆ ಕಲ್ಲಿನ ಮೇಲೆ ಬಿದ್ದರೂ ಒಡೆಯಲ್ಲ ಅನ್ನುವ ಹೆಸರಿದೆ. ಅದರಲ್ಲೂ ಕೆಲವು ಮಾಡೆಲ್ ಮೈನಸ್ 10ಕ್ಕೆ, ಕೆಲವು ಮೈನಸ್ 20ಕ್ಕೆ, ಉಳಿದವುಗಳಲ್ಲಿ ಚಳಿಯ ಮಾತೇ ಇಲ್ಲ. ಕಂಪನಿ ಹೆಸರು ನೋಡಿ ದುಡ್ಡು ಕೊಡಬೇಡಿ, ಆ ಮಾಡೆಲ್ ನಂಬರಿನ ಕೈಪಿಡಿಯನ್ನೇ ಮೊಬೈಲಿನಲ್ಲಿ ತೆಗೆದು ಓದಿ. ಆ ಸಾಲೇ ಇಲ್ಲದ ವಾಚನ್ನು ನಾನು ಅಲ್ಲೇ ಕೆಳಗಿಟ್ಟೆ. ಎರಡು ಅಂಗಡಿಯಲ್ಲಿ ಹಾಗೆ ಕೆಳಗಿಟ್ಟ ಮೇಲೆ ಉಳಿದದ್ದು ಬಹಳ ಕಡಿಮೆ.

ಎರಡನೆಯದು ಬಟನ್. ಇದನ್ನು ತಮ್ಮನೇ ಹೇಳಿದ. ಟಚ್ ಪರದೆಗೆ ಬರಿಬೆರಳು ಬೇಕು. ದಪ್ಪ ಕೈಗವಸು ಹಾಕಿ ಒತ್ತಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಗಾಳಿ ಬೀಸುವಾಗ ಮೈನಸ್ 15ರಲ್ಲಿ ಪ್ರತಿ ಸುತ್ತಿಗೂ ಗವಸು ಬಿಚ್ಚಿ ಹಾಕಿ ಮಾಡಿದರೆ ವಾಚ್ ಉಳಿಯುತ್ತದೆ, ಬೆರಳು ಉಳಿಯಲಿಕ್ಕಿಲ್ಲ. ಗವಸಿನ ಮೇಲಿಂದಲೇ ಒತ್ತಲು ಸಿಗುವಂಥ, ಉಬ್ಬಿದ ಬಟನ್ ಬೇಕು. ಅಂಗಡಿಯಲ್ಲಿ ಪರೀಕ್ಷೆ ಮಾಡಲು ನಾನು ಅಪ್ಪ ಹೊಲದಲ್ಲಿ ಔಷಧ ಹೊಡೆಯುವಾಗ ಹಾಕುವ ರಬ್ಬರ್ ಗವಸು ಒಯ್ದಿದ್ದೆ. ಅಂಗಡಿಯವರು ನನ್ನನ್ನು ಹೇಗೆ ನೋಡಿದರು ಅಂತ ಬರೆಯುವುದಿಲ್ಲ. ಆದರೆ ಆ ಗವಸಿನಿಂದಲೇ ಮೂರು ವಾಚ್ ಪಟ್ಟಿಯಿಂದ ಹೋದವು.

ಪರದೆಯ ವಿಷಯದಲ್ಲಿ ಒಂದು ಸಣ್ಣ ಸೋಜಿಗ ಇದೆ. ಅಂಕಿ ಮೂಡುವ ಹಳೆಯ ಎಲ್‌ಸಿಡಿ ಪರದೆಯೊಳಗೂ ದ್ರವವೇ ಇರುವುದು. ಅದೂ ಥಂಡಿಗೆ ಮಂದವಾಗಿ, ಅಂಕಿ ಬದಲಾಗುವಾಗ ಹಿಂದಿನ ಅಂಕಿಯ ನೆರಳು ಉಳಿಯುತ್ತದೆ. ಒಳಗೆ ಲೆಕ್ಕ ಸರಿಯಾಗಿಯೇ ನಡೆದಿರುತ್ತದೆ, ತೋರಿಸುವುದು ಮಾತ್ರ ತಡ. ಅಮೋಲೆಡ್ ಪರದೆಗೆ ಆ ಕಾಟವಿಲ್ಲ, ಆದರೆ ಹೊಳೆಯಲು ಅದಕ್ಕೆ ಬ್ಯಾಟರಿ ಬೇಕು, ಥಂಡಿಯಲ್ಲಿ ಕೊರತೆ ಇರುವುದೇ ಅದರದ್ದು. ಬಿಸಿಲನ್ನೇ ಪ್ರತಿಫಲಿಸಿ ಅಂಕಿ ತೋರಿಸುವ ಮಂಕು ಪರದೆ ಅಂಗಡಿಯ ದೀಪದಲ್ಲಿ ಬಡಪಾಯಿ ಹಾಗೆ ಕಾಣುತ್ತದೆ. ಹಿಮದ ಮೇಲಿನ ಬಿಸಿಲಲ್ಲಿ ಓದಲು ಅದೇ ಸರಿ.

ಎದೆಬಡಿತ ಅಳೆಯುವ ಹಸಿರು ದೀಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಳಿಗೆ ಮಣಿಕಟ್ಟಿನ ರಕ್ತನಾಳಗಳು ಕಿರಿದಾಗುತ್ತವೆ, ಬೆಳಕಿಗೆ ಹಿಡಿಯಲು ರಕ್ತದ ಓಟವೇ ಸರಿಯಾಗಿ ಸಿಗುವುದಿಲ್ಲ, ಅಂಕಿ ಸುಳ್ಳಾಗುತ್ತದೆ. ಬೇಕೇ ಬೇಕಾದರೆ ಅಂಗಿಯೊಳಗೆ ಎದೆಗೆ ಕಟ್ಟುವ ಪಟ್ಟಿ ಇದೆ. ರಕ್ತದ ಆಮ್ಲಜನಕ ತೋರಿಸುವ ವಾಚನ್ನು ನಂಬಿ ಎತ್ತರದ ಜಾಗದಲ್ಲಿ ಯಾರೂ ಧೈರ್ಯ ತಂದುಕೊಳ್ಳಬಾರದು. ತಲೆನೋವು, ವಾಂತಿ, ಉಸಿರಾಟದ ಕಷ್ಟ ಬಂದರೆ ವಾಚ್ 95 ತೋರಿಸಿದರೂ ಡಾಕ್ಟರ ಹತ್ತಿರ ಹೋಗಬೇಕು.

ಇಷ್ಟು ಸೋಸಿದ ಮೇಲೆ ಎರಡು ದಾರಿ ಉಳಿದವು. ಒಂದು, ಹದಿನೈದು ಸಾವಿರಕ್ಕೂ ಮೇಲಿನ, ಬಟನ್ ಇರುವ ಜಿಪಿಎಸ್ ಓಟದ ವಾಚ್. ಇನ್ನೊಂದು, ಜಿಪಿಎಸ್ ಇಲ್ಲದ, ಕಾಯಿನ್ ಸೆಲ್ ಮೇಲೆ ನಡೆಯುವ, ಪ್ರತಿ ಸುತ್ತಿನ ಸಮಯ ನೆನಪಿಟ್ಟುಕೊಳ್ಳುವ ಡಿಜಿಟಲ್ ವಾಚ್. ನನಗೆ ಮೊದಲನೆಯದೇ ಮನಸ್ಸಿನಲ್ಲಿತ್ತು. ಅವನ ಸಂಬಳ ಮೂರನೇ ವರ್ಷಕ್ಕೆ 36,500 ಅನ್ನುತ್ತಾರೆ, ಅದರಲ್ಲಿ ಶೇಕಡಾ 30 ಸೇವಾ ನಿಧಿಗೆ ಹೋಗಿ ಕೈಗೆ ಬರುವುದು ಸುಮಾರು ಇಪ್ಪತ್ತೈದೂವರೆ ಸಾವಿರ. ಅದರಲ್ಲೂ ಊರಿಗೆ ಕಳಿಸುತ್ತಾನೆ. ಕಾಯಂ ಆಗುವ ಪ್ರಶ್ನೆ ಇರುವಾಗ ನಾನೂ ಅರ್ಧ ಹಾಕಿದರಾಯಿತು ಅಂತ ಲೆಕ್ಕ ಹಾಕಿದ್ದೆ.

ಆದರೆ ನಮ್ಮ ಪತ್ರಿಕೋದ್ಯಮದ ತರಗತಿಯಲ್ಲಿ ಓದಿದ ಒಂದು ಸುದ್ದಿ ತಲೆಯಲ್ಲಿ ಕೂತಿತ್ತು. ಸ್ಟ್ರಾವಾ ಅನ್ನುವ ಓಟದ ಆ್ಯಪ್ 2017ರ ನವೆಂಬರಿನಲ್ಲಿ ಜಗತ್ತಿನ ಓಟಗಾರರೆಲ್ಲ ಎಲ್ಲೆಲ್ಲಿ ಓಡುತ್ತಾರೆ ಅಂತ ಹೊಳೆಯುವ ಗೆರೆಗಳ ಒಂದು ನಕ್ಷೆ ಹಾಕಿತು. ಹೆಸರಿಲ್ಲ, ಊರಿಲ್ಲ, ಗೆರೆ ಮಾತ್ರ. 2018ರ ಜನವರಿಯಲ್ಲಿ ಗೊತ್ತಾಯಿತು, ಜನವಸತಿಯೇ ಇಲ್ಲದ ಮರುಭೂಮಿಯ ನಡುವೆ ಹೊಳೆಯುತ್ತಿದ್ದ ಗೆರೆಗಳು ಸೇನಾ ನೆಲೆಗಳು ಅಂತ. ಸೈನಿಕರು ಬೆಳಿಗ್ಗೆ ನೆಲೆಯ ಸುತ್ತ ಓಡಿದ್ದರು, ಕೈಯಲ್ಲಿನ ಯಂತ್ರ ನೆಲೆಯ ಆಕಾರವನ್ನೇ ಬರೆದುಕೊಟ್ಟಿತ್ತು. ನಮ್ಮ ಸೈನ್ಯವೂ 2020ರ ಜುಲೈಯಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ತನ್ನವರಿಗೆ ಹೇಳಿತ್ತು.

ಎಲ್ಲಿದ್ದೇನೆ ಅಂತ ಹೆತ್ತವ್ವನಿಗೇ ಹೇಳದವನು ಅದನ್ನು ಮಣಿಕಟ್ಟಿನಿಂದ ಹೇಳುವುದೇ? “ತಮ್ಮಾ, ಜಿಪಿಎಸ್ ವಾಚ್ ಕಟ್ಟಬಹುದೋ ಇಲ್ಲೋ, ಮೊದಲ ಕೇಳು. ಆಮ್ಯಾಲೆ ದುಡ್ಡಿನ ಮಾತು” ಅಂದೆ. ಎರಡು ದಿನ ಬಿಟ್ಟು ಉತ್ತರ ಬಂತು. “ಉಸ್ತಾದ್ರು ಬ್ಯಾಡ ಅಂದ್ರಕ್ಕಾ. ಸಾದಾ ವಾಚ್ ಸಾಕಂತ.”

ಹಾಗಾಗಿ ಈ ಮಾತು ಸೈನ್ಯದಲ್ಲಿ ಮಕ್ಕಳಿರುವ ಎಲ್ಲರಿಗೂ: ವಾಚ್ ಉಡುಗೊರೆ ಕೊಡುವ ಮೊದಲು ಅಲ್ಲಿ ಕಟ್ಟಲು ಬಿಡುತ್ತಾರಾ ಅಂತ ಅವರಿಂದಲೇ ಕೇಳಿಸಿ. ಘಟಕದಿಂದ ಘಟಕಕ್ಕೆ, ಜಾಗದಿಂದ ಜಾಗಕ್ಕೆ ಉತ್ತರ ಬೇರೆ ಇರಬಹುದು. ಮನೆಯಲ್ಲಿ ಕೂತು ನಾವು ತೀರ್ಮಾನ ಮಾಡುವ ವಿಷಯವಲ್ಲ ಅದು.

ಸಾದಾ ವಾಚ್ ಅಂದಾಗ ನನಗೆ ಮೊದಲು ನಿರಾಸೆಯಾಗಿತ್ತು. ಆಮೇಲೆ ಪೆನ್ನು ಹಿಡಿದು ಕೂತೆ. ಅವನ ಗುರಿ 5 ಕಿಲೋಮೀಟರನ್ನು 25 ನಿಮಿಷದಲ್ಲಿ ಓಡುವುದು. 400 ಮೀಟರಿನ ಸುತ್ತು ಹನ್ನೆರಡೂವರೆ ಆಗುತ್ತದೆ. ಒಂದು ಸುತ್ತಿಗೆ ಸರಿಯಾಗಿ 2 ನಿಮಿಷ. ಇದಕ್ಕೆ ಆಕಾಶದಲ್ಲಿನ ಉಪಗ್ರಹ ಏಕೆ ಬೇಕು? ಒಂದು ಸಲ ನೆಲ ಅಳೆದು ಕಲ್ಲು ನೆಟ್ಟರೆ ಮುಗಿಯಿತು. ಕಾಯಿನ್ ಸೆಲ್ ವಾಚಿಗೆ ಚಾರ್ಜ್ ಬೇಡ, ಅದು ಕೇಳುವ ಕರೆಂಟ್ ಅತಿ ಕಡಿಮೆ, ಹಾಗಾಗಿ ಥಂಡಿಯಲ್ಲೂ ಏದುಸಿರು ಬಿಡುವುದಿಲ್ಲ. 30 ಸುತ್ತು, 60 ಸುತ್ತು ನೆನಪಿಡುವ ವಾಚುಗಳಿವೆ. ನಮಗೆ 13 ಸಾಕು.

ಚಳಿಗೆ ಇಂಥ ವಾಚ್ ಸಮಯ ತಪ್ಪುವುದಿಲ್ಲವೇ ಅಂತ ಅಪ್ಪ ಕೇಳಿದರು. ತಪ್ಪುತ್ತದೆ, ಆದರೆ ಎಷ್ಟು ಅನ್ನುವುದು ಮುಖ್ಯ. ಒಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. 25 ಡಿಗ್ರಿ ಆಸುಪಾಸಿಗೆ ಅದನ್ನು ಹದ ಮಾಡಿರುತ್ತಾರೆ. ಮೈನಸ್ 15ರಲ್ಲಿ ಇಟ್ಟರೆ ದಿನಕ್ಕೆ ನಾಲ್ಕೈದು ಸೆಕೆಂಡ್ ಹಿಂದೆ ಬೀಳಬಹುದು. ಕೈಗೆ ಕಟ್ಟಿದ್ದರೆ ಮೈಬಿಸಿಗೆ ಅದೂ ಇಲ್ಲ. 25 ನಿಮಿಷದ ಓಟದಲ್ಲಿ ಅದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಆಗುವುದಿಲ್ಲ.

“ಟೈಮ್ ತೋರಸತೈತಿ ಖರೆ,” ಅಂದಳು ಅವ್ವ. “ಅವಗ ಥಂಡಿ ಎಷ್ಟಾಗೈತಿ ಅಂತ ನಮಗ ತೋರಸೂ ವಾಚ್ ಇಲ್ಲೇನ?”

ಕೊನೆಗೆ ಒಂದು ವಾಚ್ ಆರಿಸಿದೆ. ಕೈಪಿಡಿಯಲ್ಲಿ ಮೈನಸ್ 20 ಅಂತ ಇತ್ತು. ಅಪ್ಪ ದನದ ಸಂತೆಯಲ್ಲಿ ಎತ್ತನ್ನು ನಡೆಸಿ ನೋಡದೆ ದುಡ್ಡು ಎಣಿಸುವವರಲ್ಲ. “ಕಾಗದದಾಗ ಬರದಿದ್ದು ಓದಿದಿ. ನಡಿಸಿ ನೋಡಿದೇನ?” ಅಂದರು. ನಮ್ಮ ಕಡೆ ಮೈನಸ್ 15 ಎಲ್ಲಿ ಸಿಗಬೇಕು? ಸಿಕ್ಕಿತು, ಬಸ್ ಸ್ಟ್ಯಾಂಡ್ ಎದುರಿನ ಐಸ್‌ಕ್ರೀಂ ಅಂಗಡಿಯಲ್ಲಿ. ಕಾಕಾನ ಡೀಪ್ ಫ್ರೀಜರ್ ಮೇಲೆ ಮೈನಸ್ 18 ಅಂತ ಕೆಂಪು ಅಂಕಿ ಹೊಳೆಯುತ್ತಿತ್ತು. ವಾಚನ್ನು ಒಣ ಜಿಪ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಸ್ಟಾಪ್‌ವಾಚ್ ಶುರು ಮಾಡಿ ಕೋನ್‌ಗಳ ಪಕ್ಕ ಮಲಗಿಸಿದೆ. ಪಕ್ಕದಲ್ಲಿ ಗೆಳತಿಯ ಹಳೆಯ ಸ್ಮಾರ್ಟ್‌ಬ್ಯಾಂಡ್, ಅವಳೇ “ಸತ್ತರ ಸಾಯಲಿ” ಅಂತ ಕೊಟ್ಟಿದ್ದು. ಮೊಬೈಲಿನಲ್ಲೂ ಅದೇ ಹೊತ್ತಿಗೆ ಸ್ಟಾಪ್‌ವಾಚ್ ಒತ್ತಿದ್ದೆ.

ಅರ್ಧ ಗಂಟೆಗೆ ತೆರೆದು ನೋಡಿದರೆ ಬ್ಯಾಂಡ್ ಕಪ್ಪು. ವಾಚಿನ ಅಂಕಿಗಳು ನಿದ್ದೆಗಣ್ಣಲ್ಲಿ ಎದ್ದವರ ಹಾಗೆ ನಿಧಾನ ಬದಲಾಗುತ್ತಿದ್ದವು, ಹಿಂದಿನ ಅಂಕಿಯ ನೆರಳು ತುಸು ಉಳಿಯುತ್ತಿತ್ತು. ಚೀಲದ ಮೇಲಿಂದಲೇ ರಬ್ಬರ್ ಗವಸಿನ ಬೆರಳಲ್ಲಿ ಒತ್ತಿದೆ, ಸುತ್ತು ದಾಖಲಾಯಿತು. ಮೊಬೈಲಿನ ಜತೆ ತಾಳೆ ಹಾಕಿದರೆ ಸರಿ. ಚೀಲ ಬಿಚ್ಚದೆ ಹಾಗೇ ಒಂದು ತಾಸು ಹೊರಗಿಟ್ಟೆ. ಬಿಚ್ಚಿದರೆ ನಮ್ಮ ಗಾಳಿಯ ತೇವವೆಲ್ಲ ತಣ್ಣನೆಯ ವಾಚಿನ ಮೇಲೆ ಹನಿಯಾಗಿ ಕೂರುತ್ತದೆ, ಚೀಲ ಮುಚ್ಚಿದ್ದರೆ ಹನಿ ಚೀಲದ ಮೇಲೆ ಕೂರುತ್ತದೆ. ಕೈಪಿಡಿ ಹೇಳಿದ ಮಿತಿಗಿಂತ ಹೆಚ್ಚು ಥಂಡಿ ಇರುವ ಫ್ರೀಜರಿನಲ್ಲಿ ಮಾತ್ರ ಯಾರೂ ಈ ಕೆಲಸ ಮಾಡಬೇಡಿ.

ಕಾಕಾ ದುಡ್ಡು ತಗೊಳ್ಳಲಿಲ್ಲ. ಎರಡು ಕೋನ್ ಕೊಳ್ಳಲೇಬೇಕಾಯಿತು.

ಪಟ್ಟಿಯನ್ನೂ ಬದಲಿಸಿದೆ. ವಾಚಿನ ಜತೆ ಬಂದ ಪ್ಲಾಸ್ಟಿಕ್ ಪಟ್ಟಿ ಥಂಡಿಗೆ ಬಿರುಸಾಗುತ್ತದೆ, ವರ್ಷ ಕಳೆದರೆ ತೂತಿನ ಹತ್ತಿರ ಸೀಳುತ್ತದೆ. ನೈಲಾನ್ ಬಟ್ಟೆಯದು, ಅಂಟಿಸಿ ಬಿಗಿಯುವಂಥದ್ದು ಹಾಕಿಸಿದೆ. ಅದನ್ನು ಒಳ ಅಂಗಿಯ ತೋಳಿನ ಕೆಳಗೆ ಚರ್ಮಕ್ಕೆ ತಾಗಿಸಿ ಕಟ್ಟಬಹುದು, ಬೇಕಾದರೆ ಜಾಕೆಟ್ ಮೇಲೂ ಕಟ್ಟಬಹುದು. ಚರ್ಮಕ್ಕೆ ತಾಗಿಸಿ ಕಟ್ಟುವುದೇ ವಾಚಿಗೆ ಒಳ್ಳೆಯದು, ಅವನ ಮೈಬಿಸಿಯೇ ಅದಕ್ಕೆ ಬುಖಾರಿ. ಜತೆಗೆ ಎರಡು ಸೆಲ್ ಕಳಿಸೋಣ ಅಂತ ಅವ್ವ ಅಂದಳು. ಬೇಡ ಅಂದೆ. ಹಿಂದಿನ ಮುಚ್ಚಳ ಅಲ್ಲಿ ಬಿಚ್ಚಿ ಹಾಕಿದರೆ ನೀರು ತಡೆಯುವ ರಬ್ಬರ್ ಉಂಗುರ ಸರಿಯಾಗಿ ಕೂರುವುದಿಲ್ಲ. ಸೆಲ್ ಬದಲಿಸುವುದು ರಜೆಗೆ ಬಂದಾಗ ಇಲ್ಲೇ.

ಪಕ್ಕದ ಊರಿನ ಜವಾನನೊಬ್ಬ ರಜೆ ಮುಗಿಸಿ ಹೊರಟಿದ್ದ, ಅವನ ಚೀಲದಲ್ಲಿ ಕರದಂಟು ಮತ್ತು ಶೇಂಗಾ ಚಟ್ನಿ ನಡುವೆ ವಾಚ್ ಹೋಯಿತು.

ಅಲ್ಲಿ ಅವರು ಟೇಪ್ ಹಿಡಿದು 200 ಮೀಟರ್ ಅಳೆದು ಎರಡು ಕಲ್ಲು ಇಟ್ಟಿದ್ದಾರೆ. ಹೋಗಿ ಬಂದರೆ ಒಂದು ಸುತ್ತು. ಓಡಿ ಬಂದ ಮೇಲೆ ವಾಚ್ ನೋಡಿ ಅಂಕಿಗಳನ್ನು ಚೀಟಿಯಲ್ಲಿ ಬರೆದು, ಸಿಗ್ನಲ್ ಸಿಕ್ಕಾಗ ಚೀಟಿಯ ಫೋಟೊ ಕಳಿಸುತ್ತಾನೆ. ಚೀಟಿ ಮಾತ್ರ, ಹಿಂದೆ ಗುಡ್ಡವೂ ಕಾಣುವುದಿಲ್ಲ. ಮೊದಲ ಚೀಟಿಯಲ್ಲಿ ಮೊದಲ ಸುತ್ತು 1 ನಿಮಿಷ 46 ಸೆಕೆಂಡ್, ಒಂಬತ್ತನೆಯದು 2 ನಿಮಿಷ 21. ಕಾಲುವೆ ದಂಡೆಯ ಚಾಳಿ, ಶುರುವಿನಲ್ಲೇ ಹುರಿಯಾಳು! ಅಷ್ಟು ತೆಳು ಗಾಳಿಯಲ್ಲಿ ಮೊದಲು ಮಾಡಿದ ಸಾಲ ತೀರಿಸಲು ಉಸಿರು ಸಿಗುವುದಿಲ್ಲ. ಮೊದಲ ನಾಲ್ಕು ಸುತ್ತು 2 ನಿಮಿಷ 5 ಸೆಕೆಂಡಿಗಿಂತ ಬೇಗ ಓಡಲೇಬೇಡ ಅಂತ ಅವನ ಉಸ್ತಾದರು ಹೇಳಿದ್ದಾರೆ. ಅದು ಅವನಿಗೆ ಬಹಳ ಕಷ್ಟವಾಯಿತಂತೆ, ಓಡುವುದಕ್ಕಿಂತ ತಡೆದುಕೊಳ್ಳುವುದು.

ಪರೀಕ್ಷೆ ಮುಂದಿನ ತಿಂಗಳು. ಮೊನ್ನೆಯ ಚೀಟಿಯಲ್ಲಿ ಹನ್ನೆರಡೂ ಸುತ್ತು 2:04ರಿಂದ 2:07ರ ನಡುವೆಯೇ ಇದ್ದವು. ಕೊನೆಗೆ ಅರ್ಧ ಸುತ್ತು ಸೇರಿ ಒಟ್ಟು 26 ನಿಮಿಷ 10 ಸೆಕೆಂಡ್. ಅದರ ಕೆಳಗೆ ಅವನೇ ಗೆರೆ ಎಳೆದು ಬರೆದಿದ್ದ: ಬಾಕಿ 70.